ನೇಗಿಲು ಹಿಡಿದ ಮಿಷನೆರಿ: ಸ್ಯಾಮ್ ಹಿಗ್ಗಿನ್‌ಬಾಟಮ್‌ರವರ ಚರಿತ್ರೆ

ದೇವದುರ್ಗದ ಎರೆಹೊಲಗಳಲ್ಲಾಗಲಿ ಮಾನ್ವಿಯ ಕಾಲುವೆಗದ್ದೆಗಳಲ್ಲಾಗಲಿ ದುಡಿಯುವ ನಮ್ಮ ಸಭೆಗಳವರು ಮಕ್ಕಳನ್ನು ಶಾಲೆಗೆ ಕಳುಹಿಸುವಾಗ ಅವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಒಂದೇ ಆಶೆ ಇರುವುದು. ಮಗನು ನೌಕರಿ ಹಿಡಿಯಬೇಕು, ಮಗಳು ಬಿಸಿಲಿಗೆ ಹೋಗದೆ ನೆರಳಿನಲ್ಲಿ ಬದುಕಬೇಕು, ಅವರಲ್ಲಿ ಯಾರೂ ಮತ್ತೆ ಮಣ್ಣನ್ನು ಮುಟ್ಟಬಾರದು ಎಂಬುದೇ ಅದು. ಈ ಆಶೆಯನ್ನು ನಾವು ನಿಂದಿಸಲಾರೆವು. ತಲೆತಲಾಂತರದಿಂದ ಪರರ ಹೊಲದಲ್ಲಿ ಬೆನ್ನು ಬಗ್ಗಿಸಿದವರಿಗೆ ಮಣ್ಣೆಂದರೆ ಅವಮಾನದ ನೆನಪು. ಆದರೂ ವಿದ್ಯೆಯೆಂಬುದು ಹೊಲದಿಂದ ಓಡಿಹೋಗುವ ದಾರಿ ಮಾತ್ರವೋ, ಹೊಲಕ್ಕೆ ತಲೆಯೆತ್ತಿ ಹಿಂದಿರುಗುವ ದಾರಿಯೂ ಆಗಬಲ್ಲದೋ ಎಂದು ವಿಚಾರಿಸತಕ್ಕದ್ದು ಅವಶ್ಯವಾಗಿದೆ. ಈ ವಿಚಾರಕ್ಕೆ ಸಹಾಯವಾಗುವಂತೆ, ತನ್ನ ಆಯುಷ್ಯವನ್ನೆಲ್ಲಾ ಇದೇ ಪ್ರಶ್ನೆಗಾಗಿ ಸವೆಸಿದ ಒಬ್ಬ ದೇವಸೇವಕರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇವೆ.

ಸ್ಯಾಮ್ ಹಿಗ್ಗಿನ್‌ಬಾಟಮ್‌ರವರು ೧೮೭೪ನೆಯ ಅಕ್ಟೋಬರ್ ೨೭ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಟ್ಟಣದಲ್ಲಿ ಹುಟ್ಟಿದರು. ಅವರ ಬಾಲ್ಯವು ವೇಲ್ಸ್ ಸೀಮೆಯಲ್ಲಿ ಕಳೆಯಿತು. ಅವರದು ಐಶ್ವರ್ಯವಂತರ ಮನೆಯಲ್ಲ. ಆದಕಾರಣ ಚಿಕ್ಕಂದಿನಲ್ಲಿಯೇ ಕೈಕೆಲಸದ ರೂಢಿಯಾಯಿತು. ೧೮೯೪ರಲ್ಲಿ ಅವರು ಅಮೇರಿಕ ದೇಶಕ್ಕೆ ಹೋಗಿ, ಪ್ರಸಿದ್ಧ ಸುವಾರ್ತಿಕರಾದ ಮೂಡಿಯವರು ಸ್ಥಾಪಿಸಿದ್ದ ಮೌಂಟ್ ಹರ್ಮನ್ ಶಾಲೆಯನ್ನು ಸೇರಿದರು. ಆ ಶಾಲೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಪಾಠದೊಂದಿಗೆ ಕೈದುಡಿಮೆಯನ್ನೂ ಮಾಡಬೇಕೆಂಬ ನಿಯಮವಿತ್ತು. ಸತ್ಯವೇದವನ್ನೋದಿದ ಕೈಯೇ ಸೆಗಣಿಯನ್ನೂ ಎತ್ತಬೇಕು. ಇದರಲ್ಲಿ ಹೀನತೆಯಿಲ್ಲವೆಂಬುದನ್ನು ಅವರು ಅಲ್ಲಿ ಕಲಿತರು. ಮುಂದೆ ಆಮ್‌ಹರ್ಸ್ಟ್ ಕಾಲೇಜಿನಲ್ಲಿಯೂ ಪ್ರಿನ್ಸ್‌ಟನ್ನಿನಲ್ಲಿಯೂ ಓದಿ ೧೯೦೩ರಲ್ಲಿ ಪದವಿ ಪಡೆದು, ಅದೇ ವರುಷ ಪ್ರೆಸ್ಬಿಟೇರಿಯನ್ ಮಿಷನಿನ ಕಡೆಯಿಂದ ಹಿಂದೂದೇಶಕ್ಕೆ ಬಂದರು. ಮರುವರುಷ ಎಥೆಲ್ ಕೋಡಿ ಎಂಬಾಕೆಯನ್ನು ವಿವಾಹವಾದರು. ಆಕೆಯು ಕಡೆಯವರೆಗೂ ಅವರ ಸೇವೆಯಲ್ಲಿ ಸಮಭಾಗಿನಿಯಾಗಿದ್ದಳು.

ಹಳ್ಳಿಗಳ ದೀನಜನರಲ್ಲಿ ಸೇವೆ ಮಾಡಬೇಕೆಂದು ಮನಸ್ಸು ಮಾಡಿ ಬಂದಿದ್ದ ಇವರನ್ನು ಮಿಷನಿನವರು ಅಲಹಾಬಾದಿನ ಕ್ರೈಸ್ತ ಕಾಲೇಜಿನಲ್ಲಿ ಉಪಾಧ್ಯಾಯರನ್ನಾಗಿ ನೇಮಿಸಿದರು. ಇದರ ಜೊತೆಗೆ ಯಮುನಾ ನದಿಯ ಆಚೆಯ ದಡದಲ್ಲಿ ನೈನಿ ಎಂಬಲ್ಲಿದ್ದ ಕುಷ್ಠರೋಗಿಗಳ ಆಶ್ರಮದ ಮೇಲ್ವಿಚಾರಣೆಯೂ ಅವರ ಪಾಲಿಗೆ ಬಂದಿತು. ಕಾಲೇಜಿನಲ್ಲಿ ಅವರು ಕಲಿಸಬೇಕಾಗಿದ್ದ ವಿಷಯಗಳಲ್ಲಿ ಅರ್ಥಶಾಸ್ತ್ರವೂ ಒಂದು. ಜನಾಂಗದ ಐಶ್ವರ್ಯವು ಹೇಗೆ ಹುಟ್ಟುವದೆಂದು ಪುಸ್ತಕದಿಂದ ಬೋಧಿಸುತ್ತಿದ್ದ ಆ ಉಪಾಧ್ಯಾಯರು ಪಟ್ಟಣದ ಹೊರಗೆ ಕಾಲಿಟ್ಟೊಡನೆ ಕಂಡದ್ದೇನು? ವರುಷದಲ್ಲಿ ಕೆಲವು ತಿಂಗಳು ಅರೆಹೊಟ್ಟೆಯಲ್ಲಿರುವ ಒಕ್ಕಲಿಗರು, ಎಲುಬು ಕಾಣುವ ಎತ್ತುಗಳು, ಮಳೆಗೆ ಕೊಚ್ಚಿಹೋದ ಭೂಮಿ. ದುಡಿಯುವವರೇ ಹಸಿದಿರುವದಕ್ಕೆ ಕಾರಣವೇನೆಂಬ ಪ್ರಶ್ನೆಯು ಅವರನ್ನು ಹಿಡಿದುಕೊಂಡಿತು. ಕ್ರಿಸ್ತನ ಹೆಸರನ್ನು ಹಿಡಿದ ಬಡವನು ಸಾಲಗಾರನ ಬಾಗಿಲಲ್ಲಿ ಕೈಚಾಚಿ ನಿಂತಿರುವ ತನಕ ಅವನ ಸಭೆಯು ತನ್ನ ಕಾಲಮೇಲೆ ನಿಲ್ಲಲಾರದೆಂದೂ ಅವರು ಕಂಡರು.

ಇಷ್ಟು ಕಂಡವರು ಅನೇಕರಿದ್ದರು. ಆದರೆ ಹಿಗ್ಗಿನ್‌ಬಾಟಮ್‌ರವರು ಕಂಡ ಮೇಲೆ ತಮಗೆ ಆ ವಿಷಯ ತಿಳಿಯದೆಂದು ಒಪ್ಪಿಕೊಂಡರು. ೧೯೦೯ರಲ್ಲಿ ರಜೆಯ ಮೇಲೆ ಅಮೇರಿಕಕ್ಕೆ ಹೋದಾಗ ಅವರು ವಿಶ್ರಾಂತಿ ತಕ್ಕೊಳ್ಳಲಿಲ್ಲ. ಮೂವತ್ತೈದು ವರುಷದವರಾಗಿ, ಪದವೀಧರರಾಗಿ, ಹೆಂಡತಿಮಕ್ಕಳುಳ್ಳವರಾಗಿ ಓಹಾಯೋ ವಿಶ್ವವಿದ್ಯಾಲಯದಲ್ಲಿ ಹುಡುಗರ ನಡುವೆ ಪುನಃ ವಿದ್ಯಾರ್ಥಿಯಾಗಿ ಕುಳಿತು, ೧೯೧೧ರಲ್ಲಿ ವ್ಯವಸಾಯಶಾಸ್ತ್ರದ ಪದವಿಯನ್ನು ಸಂಪಾದಿಸಿದರು. ಕಲಿಯುವ ವಯಸ್ಸು ಮೀರಿತೆಂದು ನಿಟ್ಟುಸಿರು ಬಿಡುವ ನಮ್ಮ ಯೌವನಸ್ಥರು ಈ ಸಂಗತಿಯನ್ನು ಲಕ್ಷ್ಯದಲ್ಲಿಡಲಿ.

ಆದರೆ ಮಿಷನಿನಲ್ಲಿಯೇ ಎಲ್ಲರೂ ಇದಕ್ಕೆ ಸಮ್ಮತಿಸಲಿಲ್ಲ. ಸುವಾರ್ತೆಯನ್ನು ಸಾರಬೇಕಾದವರು ಗೊಬ್ಬರ, ಬೀಜ, ನೇಗಿಲುಗಳ ಮಾತಾಡುವದು ಸರಿಯೋ, ಆತ್ಮದ ಕೆಲಸಕ್ಕಾಗಿ ಕೊಟ್ಟ ಹಣವನ್ನು ಹೊಲಕ್ಕೆ ಹಾಕಬಹುದೋ ಎಂದು ಹಿರಿಯರು ಸಂಶಯಪಟ್ಟರು. ಈ ಸಂಶಯವು ಕ್ಷುಲ್ಲಕವಾದದ್ದಲ್ಲ; ಇಂದಿಗೂ ನಮ್ಮ ಸಭೆಗಳಲ್ಲಿ ಇದು ಕೇಳಿಬರುತ್ತದೆ. ಕಡೆಗೆ, ಬೇಕಾದ ಹಣವನ್ನು ಅವರೇ ಕೂಡಿಸಿಕೊಳ್ಳಬೇಕೆಂಬ ಷರತ್ತಿನ ಮೇಲೆ ಅಪ್ಪಣೆ ದೊರೆಯಿತು. ಅವರು ಅಮೇರಿಕದ ಸಭೆಗಳಲ್ಲಿ ತಿರುಗಿ ಸುಮಾರು ೩೦,೦೦೦ ಡಾಲರುಗಳನ್ನು ಕೂಡಿಸಿದರು. ನೈನಿಯಲ್ಲಿ ೨೭೫ ಎಕರೆ ಭೂಮಿಯು ಕೊಳ್ಳಲ್ಪಟ್ಟಿತು. ಅಲಹಾಬಾದ್ ವ್ಯವಸಾಯ ಸಂಸ್ಥೆಯು ತನ್ನ ಹುಟ್ಟನ್ನು ೧೯೧೦ರಿಂದ ಎಣಿಸುತ್ತದೆ. ತನ್ನ ವಾದವನ್ನು ಅವರು ಸುವಾರ್ತೆ ಮತ್ತು ನೇಗಿಲು ಎಂಬರ್ಥದ ಹೆಸರಿನ ಪುಸ್ತಕವಾಗಿ ೧೯೨೧ರಲ್ಲಿ ಪ್ರಕಟಿಸಿದರು. ಹಸಿದವನಿಗೆ ರೊಟ್ಟಿಯನ್ನು ಮುರಿದು ಕೊಟ್ಟ ಕರ್ತನ ಸೇವಕರು ಆ ರೊಟ್ಟಿ ಬೆಳೆಯುವ ವಿಧವನ್ನು ಕಲಿಸುವದು ಬೋಧನೆಗೆ ಬದಲಾದದ್ದಲ್ಲ, ಬೋಧನೆಯ ಫಲವೇ ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು.

ಕೊಂಡ ಭೂಮಿಯೋ ಯಾರಿಗೂ ಬೇಡವಾದದ್ದು. ಮಳೆಯ ನೀರು ಅದರಲ್ಲಿ ಕೊರಕಲುಗಳನ್ನು ತೋಡಿತ್ತು. ನಮ್ಮ ಎರೆಹೊಲಗಳನ್ನು ಕರಿಕೆಯು ಹೇಗೆ ಹಾಳುಮಾಡುತ್ತದೋ ಹಾಗೆಯೇ ಅಲ್ಲಿ ಕಾಂಸ್ ಎಂಬ ಆಳಬೇರಿನ ಹುಲ್ಲು ಹಬ್ಬಿಕೊಂಡಿತ್ತು. ಅವರು ಒಡ್ಡುಗಳನ್ನು ಹಾಕಿಸಿ ನೀರನ್ನು ತಡೆದರು. ಬೇಸಿಗೆಯಲ್ಲಿಯೇ ಆಳವಾಗಿ ಉಳಿಸಿ ಹುಲ್ಲಿನ ಬೇರನ್ನು ಬಿಸಿಲಿಗೆ ಒಡ್ಡಿ ಕೊಂದರು. ಹಸಿಮೇವನ್ನು ಗುಂಡಿಯಲ್ಲಿ ತುಳಿದು ಮುಚ್ಚಿಟ್ಟು ಬರದ ತಿಂಗಳುಗಳಲ್ಲಿ ದನಗಳಿಗೆ ಹಾಕಿದರು. ಒಳ್ಳೆಯ ಭೂಮಿಯಲ್ಲಿ ಒಳ್ಳೆಯ ಬೆಳೆ ತೆಗೆದಿದ್ದರೆ ಅದನ್ನು ನೋಡಿದ ಬಡ ಒಕ್ಕಲಿಗನು ನನ್ನಿಂದ ಇದು ಆಗದೆಂದು ತಲೆಯಲ್ಲಾಡಿಸಿ ಹೋಗುತ್ತಿದ್ದನು. ಕೆಟ್ಟ ಭೂಮಿಯು ಫಲಕೊಟ್ಟದ್ದರಿಂದ ಅವನಿಗೆ ಆ ನೆಪವು ಇಲ್ಲದೆ ಹೋಯಿತು. ಇವರ ಕೀರ್ತಿಯನ್ನು ಕೇಳಿ ಗ್ವಾಲಿಯರಿನ ಮಹಾರಾಜರು ೧೯೧೬ರಲ್ಲಿ ತಮ್ಮ ಸಂಸ್ಥಾನದ ವ್ಯವಸಾಯ ಖಾತೆಯನ್ನು ಇವರಿಗೆ ಒಪ್ಪಿಸಿದರು. ಗಾಂಧಿಯವರೂ ಇವರೊಂದಿಗೆ ಬೇಸಾಯದ ವಿಷಯವಾಗಿ ಪತ್ರವ್ಯವಹಾರ ಮಾಡಿದರು.

ಆಳವಾಗಿ ಉಳಬೇಕೆಂದು ಹೇಳುವದು ಸುಲಭ, ಯಾವದರಿಂದ ಉಳಬೇಕು? ಮರದ ನೇಗಿಲು ನೆಲವನ್ನು ಬೆಣೆಯಂತೆ ಸೀಳುವದೇ ಹೊರತು ಮಗುಚುವದಿಲ್ಲ. ಒಂದು ಸಾಲಿಗೂ ಮತ್ತೊಂದು ಸಾಲಿಗೂ ನಡುವೆ ಉಳದ ದಿಂಡು ನಿಲ್ಲುವದರಿಂದ ಅಡ್ಡಲಾಗಿಯೂ ಉದ್ದಲಾಗಿಯೂ ಅನೇಕ ಸಾರಿ ಉಳಬೇಕಾಗುತ್ತದೆ. ಪರದೇಶದ ಕಬ್ಬಿಣದ ನೇಗಿಲು ಮಣ್ಣನ್ನು ಕೊಯ್ದು ಮಗುಚುವದು ನಿಜ. ಆದರೆ ಅದು ದೊಡ್ಡ ಕುದುರೆಗಳಿಗಾಗಿ ಮಾಡಿದ್ದು. ಎತ್ತು ದಿನವೆಲ್ಲಾ ದುಡಿಯುವಾಗ ತನ್ನ ಮೈತೂಕದ ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಸೆಳೆಯಬಲ್ಲದು. ಬಡವನ ಸಣ್ಣ ಎತ್ತುಗಳಿಗೆ ಆ ಭಾರವಾದ ನೇಗಿಲನ್ನು ಕಟ್ಟಿದರೆ ಅವು ಮೂರು ಸಾಲಿಗೆ ನಿಂತುಬಿಡುವವು. ಅಲ್ಲದೆ ಅದರ ಒಂದು ತಿರುಪು ಮುರಿದರೆ ಹಳ್ಳಿಯ ಕಮ್ಮಾರನು ಅದನ್ನು ಸರಿಮಾಡಲಾರನು.

ಇದನ್ನು ಬಿಡಿಸುವದಕ್ಕೆ ಬೋಧಕನ ಉತ್ಸಾಹವು ಸಾಲದು, ಯಂತ್ರಶಾಸ್ತ್ರವನ್ನು ಬಲ್ಲವನು ಬೇಕೆಂದು ಹಿಗ್ಗಿನ್‌ಬಾಟಮ್‌ರವರು ತಿಳಿದರು. ೧೯೨೧ರಲ್ಲಿ ಮೇಸನ್ ವಾ ಎಂಬ ಅಮೇರಿಕದ ಇಂಜಿನಿಯರರು ಅವರ ಬಳಿಗೆ ಬಂದರು. ಅವರು ಎತ್ತುಗಳ ಬಲ, ಮಣ್ಣಿನ ಬಿಗಿ, ಉಳುವವನ ಹಿಡಿತ ಇವುಗಳನ್ನು ಪರೀಕ್ಷಿಸಿ, ಸಣ್ಣ ಎತ್ತುಗಳು ಎಳೆಯಬಲ್ಲ ನೇಗಿಲುಗಳನ್ನು ರಚಿಸಿದರು. ಅವುಗಳಲ್ಲೊಂದಕ್ಕೆ ವಾಹ್ ವಾಹ್ ಎಂದೂ ಮತ್ತೊಂದಕ್ಕೆ ಶಾಬಾಸ್ ಎಂದೂ ಹೆಸರಾಯಿತು. ಹಲವು ಕಾಲ ನಿಜಾಮರ ಸೀಮೆಗೆ ಸೇರಿದ್ದ ರಾಯಚೂರಿನವರಿಗೆ ಈ ಮೆಚ್ಚುಮಾತುಗಳ ಅರ್ಥವನ್ನು ನಾವು ಹೇಳಬೇಕಾಗಿಲ್ಲ. ಈ ಕೆಲಸವು ಬೆಳೆದು ಬೆಳೆದು ೧೯೪೨ರಲ್ಲಿ ಆ ಸಂಸ್ಥೆಯಲ್ಲಿ ಕೃಷಿ ಇಂಜಿನಿಯರಿಂಗಿನ ಪದವಿ ತರಗತಿಯು ಆರಂಭವಾಯಿತು. ಈ ದೇಶದಲ್ಲಿ ಮಾತ್ರವಲ್ಲ, ಏಷ್ಯಾಖಂಡದಲ್ಲಿಯೇ ಈ ವಿದ್ಯೆಗೆ ಅದೇ ಮೊದಲನೆಯ ಪದವಿಯೆಂದು ಎಣಿಸಲ್ಪಟ್ಟಿದೆ. ಯಂತ್ರಕ್ಕೆ ರೈತನನ್ನು ಹೊಂದಿಸದೆ ರೈತನಿಗೆ ಯಂತ್ರವನ್ನು ಹೊಂದಿಸಬೇಕೆಂಬುದೇ ಈ ವಿದ್ಯೆಯ ತಿರುಳು.

ಈ ತಿರುಳು ನಮ್ಮ ಹಿರಿಯರಿಗೆ ತಿಳಿಯದ್ದೂ ಅಲ್ಲ. ನಮ್ಮ ಕೂರಿಗೆಯನ್ನು ನೋಡಿರಿ. ಬಟ್ಟಲಿಗೆ ಹಾಕಿದ ಬೀಜವು ಬಿದಿರಿನ ಕೊಳವೆಗಳಲ್ಲಿ ಇಳಿದು ಸಮವಾದ ಸಾಲುಗಳಲ್ಲಿ ಬೀಳುವದರಿಂದಲೇ ಅನಂತರ ಎಡೆಕುಂಟೆ ಹೊಡೆಯುವದು ಸಾಧ್ಯವಾಗುತ್ತದೆ. ಅದನ್ನು ರಚಿಸಿದವನ ಹೆಸರು ಎಲ್ಲಿಯೂ ಬರೆದಿಲ್ಲ. ಆದರೆ ಅವನು ಇಂಜಿನಿಯರನೇ ಸರಿ. ಆ ಬುದ್ಧಿಗೆ ಗಣಿತವನ್ನೂ ಲೋಹದ ಜ್ಞಾನವನ್ನೂ ಕೂಡಿಸಿದ್ದೇ ಇಂದಿನ ಕಾಲೇಜಿನ ಪಾಠ.

ಎರಡನೆಯ ಮಹಾಯುದ್ಧವು ಮುಗಿಯುವ ಕಾಲಕ್ಕೆ ಹಿಗ್ಗಿನ್‌ಬಾಟಮ್‌ರವರು ನಾಲ್ವತ್ತು ವರುಷಗಳ ಸೇವೆಯನ್ನು ಮುಗಿಸಿ ಅಮೇರಿಕಕ್ಕೆ ಹಿಂದಿರುಗಿದರು. ಅದಕ್ಕೆ ಮುಂಚೆ ೧೯೩೯ರಲ್ಲಿ ಅವರ ಸಭೆಯು ತನ್ನ ಮಹಾಸಭೆಯ ಅಧ್ಯಕ್ಷಸ್ಥಾನವನ್ನು ಅವರಿಗೆ ಕೊಟ್ಟಿತ್ತು. ನೇಗಿಲಿನ ವಿಷಯದಲ್ಲಿ ಸಂಶಯಪಟ್ಟ ಸಭೆಯೇ ನೇಗಿಲು ಹಿಡಿದವನನ್ನು ತನ್ನ ತಲೆಯ ಸ್ಥಾನದಲ್ಲಿ ಕುಳ್ಳಿರಿಸಿತು. ೧೯೫೮ರಲ್ಲಿ ಅವರು ಕರ್ತನಲ್ಲಿ ನಿದ್ರೆಹೋದರು. ಅವರು ಕಟ್ಟಿದ ಸಂಸ್ಥೆಯು ಈಗ ಅವರ ಹೆಸರನ್ನೇ ಹೊತ್ತ ವಿಶ್ವವಿದ್ಯಾಲಯವಾಗಿದೆ. ಆದರೆ ಅವರ ಆಶೆಗಳೆಲ್ಲಾ ಕೈಗೂಡಿದವೆಂದು ನಾವು ಹೇಳುವದಿಲ್ಲ. ವ್ಯವಸಾಯದ ಪದವಿ ಪಡೆದವರಲ್ಲಿ ಬಹುಮಂದಿ ಈ ದೇಶದ ಎಲ್ಲಾ ಕಡೆಗಳಲ್ಲಿಯೂ ಹಳ್ಳಿಗೆ ಹಿಂದಿರುಗದೆ ಕಚೇರಿಯ ಕುರ್ಚಿಯನ್ನೇ ಹುಡುಕಿದರು. ಬೀಜವು ಎಲ್ಲಾ ನೆಲದಲ್ಲಿ ಒಂದೇ ಸಮನಾಗಿ ಫಲಿಸುವದಿಲ್ಲವೆಂಬುದು ಬಿತ್ತುವವನ ಸಾಮ್ಯವನ್ನು ಕೇಳಿದ ನಮಗೆ ಹೊಸ ಸಂಗತಿಯಲ್ಲ.

ಇನ್ನು ನಮ್ಮ ಸೀಮೆಗೆ ಬರೋಣ. ಆಗ ಅಲಹಾಬಾದಿಗೆ ಹೋಗಿ ಕಲಿಯಬೇಕಾಗಿದ್ದ ವಿದ್ಯೆಯು ಈಗ ರಾಯಚೂರು ಪಟ್ಟಣದಲ್ಲಿಯೇ ದೊರೆಯುತ್ತದೆ. ೧೯೮೭ರಲ್ಲಿ ಅಲ್ಲಿ ಕೃಷಿ ಇಂಜಿನಿಯರಿಂಗ್ ಕಾಲೇಜು ಉಂಟಾಯಿತು. ೨೦೦೮ರಲ್ಲಿ ರಾಯಚೂರಿನದೇ ಕೃಷಿ ವಿಶ್ವವಿದ್ಯಾಲಯವು ಸ್ಥಾಪಿತವಾದಾಗ ಈ ಕಾಲೇಜು ಅದರ ಅಂಗವಾಯಿತು. ಇದು ಮಿಷನಿನದಲ್ಲ, ಸರಕಾರದ ಆಶ್ರಯದಲ್ಲಿರುವದು. ಎಲ್ಲಾ ಜಾತಿಮತಗಳವರಿಗೂ ತೆರೆದಿರುವದು. ವಿಜ್ಞಾನದ ಪಿಯುಸಿ ಮುಗಿಸಿ ಪ್ರವೇಶಪರೀಕ್ಷೆಯಲ್ಲಿ ತೇರ್ಗಡೆಯಾದವರು ನಾಲ್ಕು ವರುಷ ಓದಬೇಕು. ಹೊಲದ ಯಂತ್ರಗಳೂ ಅವುಗಳ ಶಕ್ತಿಯೂ, ಮಣ್ಣುನೀರುಗಳ ರಕ್ಷಣೆಯೂ, ಬೆಳೆದ ಕಾಳನ್ನು ಕೆಡದಂತೆ ಸಂಸ್ಕರಿಸುವದೂ ಅಲ್ಲಿಯ ಪಾಠಗಳು. ಒಕ್ಕಲಿಗರ ಮಕ್ಕಳಿಗೂ ಕಲ್ಯಾಣ ಕರ್ನಾಟಕದವರಿಗೂ ಸ್ಥಳಗಳಲ್ಲಿ ಒಂದು ಪಾಲು ಮೀಸಲಾಗಿದೆ. ದೇವದುರ್ಗದಿಂದಾಗಲಿ ಮಾನ್ವಿಯಿಂದಾಗಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಆ ಬಾಗಿಲನ್ನು ಮುಟ್ಟಬಹುದು.

ಆದರೆ ಒಂದು ಕಠಿಣವಾದ ಪ್ರಶ್ನೆಯನ್ನು ಮರೆಮಾಡುವದು ನಮಗೆ ಧರ್ಮವಲ್ಲ. ಮಾನ್ವಿಯ ಗದ್ದೆಗಳಿಗೆ ಭತ್ತ ಕೊಯ್ಯುವ ದೊಡ್ಡ ಯಂತ್ರವು ಬಂದ ದಿನ ಕುಡುಗೋಲು ಹಿಡಿದ ತಾಯಂದಿರ ಕೂಲಿಯು ಹೋಗುತ್ತದೆ. ನಮ್ಮ ಸಭೆಗಳಲ್ಲಿ ಅಂಥ ತಾಯಂದಿರು ಎಷ್ಟೋ ಮಂದಿ ಇದ್ದಾರೆ. ಹಾಗಾದರೆ ನಮ್ಮ ಮಕ್ಕಳೇ ಯಂತ್ರವಿದ್ಯೆಯನ್ನು ಕಲಿತು ನಮ್ಮ ಅನ್ನವನ್ನು ಕಸಿಯಬೇಕೋ? ನಾವು ಕಲಿಯದಿದ್ದರೂ ಯಂತ್ರವು ಬಾರದೆ ಇರುವದಿಲ್ಲವೆಂಬುದು ಮೊದಲನೆಯ ಉತ್ತರ. ಆದರೆ ಹಸಿದವರಿಗೆ ಅದೊಂದೇ ಉತ್ತರವು ಸಾಲದು. ಹಿಗ್ಗಿನ್‌ಬಾಟಮ್‌ರವರ ಚರಿತ್ರೆಯಲ್ಲಿ ಮತ್ತೊಂದು ಉತ್ತರವಿದೆ. ಅವರ ನೇಗಿಲು ನೂರು ಎಕರೆಯವನಿಗಾಗಿ ಹುಟ್ಟಲಿಲ್ಲ. ಬಡಕಲು ಎತ್ತುಗಳುಳ್ಳವನಿಗಾಗಿ ಹುಟ್ಟಿತು. ಯಂತ್ರವನ್ನು ಯಾರನ್ನು ಕಣ್ಣಮುಂದಿಟ್ಟುಕೊಂಡು ರಚಿಸುತ್ತಾರೋ ಅವರಿಗೇ ಅದು ಸೇವೆಮಾಡುವದು. ದಿನವೆಲ್ಲಾ ಬಗ್ಗಿ ಕಳೆ ತೆಗೆದು ನಡುನೋವಿನಿಂದ ಮಲಗುವ ತಾಯಿಯನ್ನು ಕಂಡ ಮಗನೂ ಮಗಳೂ ಕಾಲೇಜಿಗೆ ಹೋದರೆ, ಆಕೆಯು ನೆಟ್ಟಗೆ ನಿಂತು ನೂಕಬಲ್ಲ ಹಗುರವಾದ ಎಡೆಯಂತ್ರವನ್ನು ಅವರು ಯೋಚಿಸುವರು. ಕಾಣದವರು ಅದನ್ನು ಯೋಚಿಸುವದು ಹೇಗೆ? ಎರಡೆಕರೆಯ ಹತ್ತಿಹೊಲದವನಿಗೆ ಏನು ಬೇಕೆಂದು ಎರಡೆಕರೆಯ ಮನೆಯಲ್ಲಿ ಹುಟ್ಟಿದವನೇ ಬಲ್ಲನು. ಇಷ್ಟಾದರೂ ಕೂಲಿ ಕಳಕೊಂಡವರೆಲ್ಲರ ಕಣ್ಣೀರು ಇದರಿಂದ ಒರಸಿಹೋಗುವದೆಂದು ನಾವು ಮಾತುಕೊಡಲಾರೆವು. ಅವರ ಭಾರವನ್ನು ಹೊರುವದು ಇಡೀ ಸಭೆಯ ಕರ್ತವ್ಯವಾಗಿಯೇ ಉಳಿಯುವದು.

ಆದಕಾರಣ, ತಂದೆತಾಯಿಗಳೇ, ನಿಮ್ಮ ಮಗನಾಗಲಿ ಮಗಳಾಗಲಿ ಈ ವಿದ್ಯೆಯನ್ನು ಕಲಿಯುತ್ತೇನೆಂದು ಹೇಳಿದರೆ, ಮಣ್ಣಿಗೆ ಮರಳುವದಕ್ಕೆ ಇಷ್ಟು ಓದಬೇಕೋ ಎಂದು ಹಳಿಯಬೇಡಿರಿ. ಉಪದೇಶಿಗಳೇ, ಲೆಕ್ಕದಲ್ಲಿ ಚುರುಕಾಗಿರುವ, ಕೆಟ್ಟ ಪಂಪನ್ನು ಬಿಚ್ಚಿ ಜೋಡಿಸುವ ಹುಡುಗರನ್ನೂ ಹುಡುಗಿಯರನ್ನೂ ಸಭೆಯಲ್ಲಿ ಗುರುತಿಸಿರಿ. ಅವರ ಪುಸ್ತಕಕ್ಕೂ ಊಟಕ್ಕೂ ಸುಗ್ಗಿಯ ಕಾಣಿಕೆಯಿಂದ ಒಂದು ಪಾಲನ್ನು ತೆಗೆದಿಡಿರಿ. ಯೌವನಸ್ಥರೇ, ಕಲಿತ ಮೇಲೆ ನಿಮ್ಮ ಹಳ್ಳಿಯ ಹಾದಿಯನ್ನು ಮರೆಯಬೇಡಿರಿ. ನಮ್ಮ ಕರ್ತನು ಮರಗೆಲಸದವನ ಮನೆಯಲ್ಲಿ ಬೆಳೆದು ಉಳಿಸುತ್ತಿಗೆಗಳನ್ನು ಹಿಡಿದವನು. ಉಪಕರಣವನ್ನು ಹಿಡಿದ ಕೈಯನ್ನು ಆತನು ಹೀನವೆಂದೆಣಿಸುವದಿಲ್ಲ. ಆ ಕೈಯು ಬಡವನ ನೊಗವನ್ನು ಹಗುರ ಮಾಡುವದಕ್ಕೆ ಚಾಚಲ್ಪಡಲೆಂಬುದೇ ನಮ್ಮ ಪ್ರಾರ್ಥನೆ.