ಡೆನ್ನಿಸ್ ರಿಚಿ ಮತ್ತು ಆಪತ್ತಿಗೆ ಒದಗುವ ಎಡಿಟರ್

ಕಡೂರು, ತರೀಕೆರೆ ಅಥವಾ ಅಜ್ಜಂಪುರದ ಮನೆಯಲ್ಲಿ ಕುಳಿತು ಬೆಂಗಳೂರಿನ ಸರ್ವರ್ ನೋಡಿಕೊಳ್ಳುವವರನ್ನು ಊಹಿಸಿಕೊಳ್ಳೋಣ. ನಡುರಾತ್ರಿ ಸರ್ವರ್ ಬೂಟ್ ಆಗದೆ ನಿಂತಿದೆ. ಒಂದು ಕಡತದ ಒಂದು ಸಾಲು ತಿದ್ದಿದರೆ ಸಾಕು. ಆದರೆ ಮೌಸ್ ಇಲ್ಲ, ಮೆನು ಇಲ್ಲ. ಇಂಥ ಹೊತ್ತಿನಲ್ಲಿ ಹಳೆಯ ಎಡಿಟರ್‌ಗಳಿಂದ ಏನೂ ಪ್ರಯೋಜನವಿಲ್ಲ ಎಂಬ ನಂಬಿಕೆ ಎಷ್ಟು ಸರಿ? ಉತ್ತರಕ್ಕೆ ಡೆನ್ನಿಸ್ ರಿಚಿಯವರ ಕಾಲಕ್ಕೆ ಹೋಗಬೇಕು.

1941ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ರಿಚಿ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಓದಿ, 1967ರಲ್ಲಿ ತಂದೆ ದುಡಿದಿದ್ದ ಬೆಲ್ ಲ್ಯಾಬ್ಸ್ ಸೇರಿದರು. ಸಂಶೋಧನಾ ಪ್ರಬಂಧವನ್ನು ಬರೆದು ಮುಗಿಸಿದರೂ, ಬೈಂಡ್ ಮಾಡಿಸಿದ ಪ್ರತಿ ಒಪ್ಪಿಸದೆ ಪಿಎಚ್‌ಡಿ ಪಡೆಯಲೇ ಇಲ್ಲ! 1969ರಲ್ಲಿ ಗೆಳೆಯ ಕೆನ್ ಥಾಂಪ್ಸನ್ ಯುನಿಕ್ಸ್ ಆರಂಭಿಸಿದರು, ರಿಚಿ ಕೈಜೋಡಿಸಿದರು. ರಿಚಿ ರೂಪಿಸಿದ ಸಿ ಭಾಷೆಯಲ್ಲಿ 1973ರಲ್ಲಿ ಯುನಿಕ್ಸ್ ಮರುಹುಟ್ಟು ಪಡೆಯಿತು. ಅದರಿಂದಲೇ ಅದು ಯಂತ್ರದಿಂದ ಯಂತ್ರಕ್ಕೆ ಹರಡಲು ಸಾಧ್ಯವಾಯಿತು.

ಅವರ ಮುಂದೆ ಇದ್ದದ್ದು ತೆರೆಯಲ್ಲ, ಕಾಗದದ ಮೇಲೆ ಅಚ್ಚೊತ್ತುವ ಟೆಲಿಟೈಪ್. ಹಾಗಾಗಿ ಥಾಂಪ್ಸನ್ ಬರೆದ ಇಡಿ ಎಂಬ ಎಡಿಟರ್ ಒಂದೊಂದೇ ಸಾಲನ್ನು ಹಿಡಿದು ತಿದ್ದುತ್ತದೆ. ನಾವು ತಪ್ಪು ಮಾಡಿದರೆ ಒಂದು ಪ್ರಶ್ನಾರ್ಥಕ ಚಿಹ್ನೆ ತೋರಿಸಿ ಸುಮ್ಮನಾಗುತ್ತದೆ. ಒರಟು ಸ್ವಭಾವ, ನಿಜ. ಆದರೆ ಅದೇ ಅದರ ಬಲ. ತೆರೆ ಯಾವ ಬಗೆಯದೆಂದು ಅದಕ್ಕೆ ತಿಳಿಯಬೇಕಿಲ್ಲ. 1976ರಲ್ಲಿ ಬಿಲ್ ಜಾಯ್ ಬರೆಯತೊಡಗಿದ ವಿಐ ಇಡೀ ತೆರೆಯನ್ನು ಬಳಸುತ್ತದೆ. ಟರ್ಮಿನಲ್‌ನ ವಿವರ ತಪ್ಪಿದರೆ ಅಕ್ಷರಗಳು ಚೆಲ್ಲಾಪಿಲ್ಲಿ. ಮೇಲಾಗಿ ಹಳೆಯ ಯುನಿಕ್ಸ್‌ಗಳಲ್ಲಿ ವಿಐ ಇರುತ್ತಿದ್ದದ್ದು ಬೇರೆ ವಿಭಾಗದಲ್ಲಿ. ಆ ವಿಭಾಗ ತೆರೆದುಕೊಳ್ಳದಿದ್ದರೆ ಉಳಿಯುತ್ತಿದ್ದದ್ದು ಇಡಿಯೇ.

ಇಂದಿನ ಪರಿಸ್ಥಿತಿ ಸ್ವಲ್ಪ ಬೇರೆ. ಹಲವು ಪುಟ್ಟ ಲಿನಕ್ಸ್‌ಗಳಲ್ಲಿ ಇಡಿ ಇರುವುದಿಲ್ಲ. ದುರಸ್ತಿ ಶೆಲ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬಿಜಿಬಾಕ್ಸ್‌ನ ಕಿರಿದಾದ ವಿಐ. ಕಲಿಯಲು ಸುಲಭವಾದ ನ್ಯಾನೊ ಅಲ್ಲಿ ಸಿಕ್ಕೇ ಸಿಗುತ್ತದೆಂಬ ಖಾತ್ರಿಯಿಲ್ಲ. ಆದ್ದರಿಂದ ನಮ್ಮ ಆಯ್ಕೆ ವಿಐ. ತೆರೆ ಕೈಕೊಟ್ಟಾಗ, ಇದ್ದರೆ, ಇಡಿ. ಎರಡರಲ್ಲೂ ತೆರೆಯುವುದು, ತಿದ್ದುವುದು, ಉಳಿಸುವುದು, ಹೊರಬರುವುದು ಗೊತ್ತಿದ್ದರೆ ಸಾಕು. ಇನ್ನೊಂದು ಮಾತು: ಆಪತ್ತಿನಲ್ಲಿ ಡಿಸ್ಕ್ ಹೆಚ್ಚಾಗಿ ಓದಲು ಮಾತ್ರ ತೆರೆದಿರುತ್ತದೆ. ಅದನ್ನು ಬರೆಯಬಲ್ಲಂತೆ ಮಾಡಿ, ಕಡತದ ಒಂದು ಪ್ರತಿ ತೆಗೆದಿಟ್ಟುಕೊಂಡ ಮೇಲೆಯೇ ಎಡಿಟರ್ ತೆರೆಯಿರಿ.

1983ರಲ್ಲಿ ರಿಚಿ ಮತ್ತು ಥಾಂಪ್ಸನ್‌ರಿಗೆ ಟ್ಯೂರಿಂಗ್ ಪ್ರಶಸ್ತಿ ಸಂದಿತು. 2011ರ ಅಕ್ಟೋಬರ್‌ನಲ್ಲಿ, ಒಂಟಿಯಾಗಿದ್ದ ಮನೆಯಲ್ಲಿ, ರಿಚಿ ತೀರಿಕೊಂಡಿರುವುದು ಗೊತ್ತಾಯಿತು. ಅದಕ್ಕೆ ಒಂದು ವಾರ ಮೊದಲು ಸ್ಟೀವ್ ಜಾಬ್ಸ್ ನಿಧನಕ್ಕೆ ಜಗತ್ತೇ ಮರುಗಿತ್ತು. ಜಾಬ್ಸ್ ಕಂಪನಿಯ ಮ್ಯಾಕ್ ಕಂಪ್ಯೂಟರ್ ಓಡುವುದು ಯುನಿಕ್ಸ್ ಮೇಲೆ. ಅದರ ಟರ್ಮಿನಲ್ ತೆರೆದರೆ ಇಡಿ ಈಗಲೂ ಸಿಗುತ್ತದೆ.