ಶ್ರೀ ಜಗನ್ನಾಥದಾಸಾರ್ಯರು: ಒಂದು ಅಪರಾಧ, ಒಂದು ಶರಣಾಗತಿ

ಭಾದ್ರಪದ ಶುದ್ಧ ನವಮಿಯು ಶ್ರೀ ಜಗನ್ನಾಥದಾಸಾರ್ಯರ ಆರಾಧನೆಯ ಪುಣ್ಯದಿನ. ಗಣೇಶ ಚತುರ್ಥಿ ಕಳೆದು ಅನಂತ ಚತುರ್ದಶಿ ಬರುವುದರೊಳಗಾಗಿ ಒದಗುವ ಈ ದಿನದಂದು ನಮ್ಮ ಮಠಮಂದಿರಗಳಲ್ಲಿ ಹರಿಕಥಾಮೃತಸಾರದ ಪಾರಾಯಣ, ಭಜನೆ, ಉಪನ್ಯಾಸಗಳು ನಡೆಯುತ್ತವೆ. ಈ ಸಂದರ್ಭದಲ್ಲಿ ದಾಸಾರ್ಯರ ಚರಿತ್ರೆಯನ್ನು ಸಂಕ್ಷೇಪವಾಗಿ ಸ್ಮರಿಸುವುದು ನಮ್ಮ ಉದ್ದೇಶ.

ಮಹಾತ್ಮರ ಚರಿತ್ರೆಯನ್ನು ಹೇಳುವವರು ಅವರ ಗುಣಗಳನ್ನು ಕೊಂಡಾಡಿ, ದೋಷವೇನಾದರೂ ಇದ್ದಲ್ಲಿ ಅದನ್ನು ಮರೆಮಾಡುವುದು ಲೋಕರೂಢಿ. ಜಗನ್ನಾಥದಾಸರ ವಿಷಯದಲ್ಲಿ ನಮ್ಮ ಹಿರಿಯರು ಹಾಗೆ ಮಾಡಲಿಲ್ಲ. ದಾಸರ ಹೆಸರನ್ನೆತ್ತಿದೊಡನೆ ಮನೆಯ ಅಜ್ಜಿಯರು ಮಕ್ಕಳಿಗೆ ಮೊದಲು ಹೇಳುತ್ತಿದ್ದುದು ಅವರ ಹೊಟ್ಟೆನೋವಿನ ಕಥೆಯನ್ನೇ. ಈ ಕಥೆಯನ್ನು ಇಷ್ಟು ಅಕ್ಕರೆಯಿಂದ ಕಾಪಾಡಿಕೊಂಡು ಬಂದುದಕ್ಕೆ ಕಾರಣವಿದೆ.

ರಾಯಚೂರು ಜಿಲ್ಲೆಯ ಮಾನವಿ ತಾಲ್ಲೂಕಿನ ಬ್ಯಾಗವಾಟ ಗ್ರಾಮದಲ್ಲಿ ಕೀಲಕ ಸಂವತ್ಸರದ ಶ್ರಾವಣ ಶುದ್ಧ ಬಿದಿಗೆಯಂದು, ಎಂದರೆ ಕ್ರಿ.ಶ. 1728ರಲ್ಲಿ, ದಾಸರ ಜನನವಾಯಿತು. ತಂದೆ ನರಸಿಂಹಾಚಾರ್ಯರು. ಮಗುವಿಗೆ ಇಟ್ಟ ಹೆಸರು ಶ್ರೀನಿವಾಸ. ಬಾಲಕನು ಅಸಾಧಾರಣ ಮೇಧಾವಿ. ಶ್ರೀ ರಾಘವೇಂದ್ರಸ್ವಾಮಿಗಳ ಮಠದ ಪೀಠವನ್ನು ಅಲಂಕರಿಸಿದ್ದ ಶ್ರೀ ವರದೇಂದ್ರತೀರ್ಥರ ಸನ್ನಿಧಿಯಲ್ಲಿ ಶಾಸ್ತ್ರಾಧ್ಯಯನ ಮಾಡಿ, ಎಳೆಯ ವಯಸ್ಸಿನಲ್ಲಿಯೇ ಶ್ರೀನಿವಾಸಾಚಾರ್ಯರೆಂದು ವಿದ್ವತ್ಸಭೆಗಳಲ್ಲಿ ಪ್ರಸಿದ್ಧರಾದರು. ವ್ಯಾಕರಣ, ನ್ಯಾಯ, ವೇದಾಂತಗಳು ಅವರ ನಾಲಿಗೆಯ ತುದಿಯಲ್ಲಿದ್ದವು. ಶಿಷ್ಯರು ಸುತ್ತ ನೆರೆದರು. ವಿದ್ಯೆಯೊಡನೆ ವಿದ್ಯಾಮದವೂ ಬಂದಿತು.

ಅದೇ ಸೀಮೆಯಲ್ಲಿ, ತುಂಗಭದ್ರೆಯ ತೀರದ ಚೀಕಲಪರವಿಯವರಾದ ಶ್ರೀ ವಿಜಯದಾಸರು ಆಗ ಹರಿದಾಸಪಂಥದ ಮೇರುವಾಗಿದ್ದರು. ಅವರ ಬಾಯಿಂದ ಹೊರಟುದು ಕನ್ನಡ. ಸುಳಾದಿಗಳಲ್ಲಿಯೂ ಪದಗಳಲ್ಲಿಯೂ ಅವರು ಹರಡುತ್ತಿದ್ದುದು ಶ್ರೀಮದಾಚಾರ್ಯರ ಸಿದ್ಧಾಂತವನ್ನೇ. ಆದರೂ ಗೀರ್ವಾಣವಾಣಿಯಲ್ಲದೆ ಬೇರೆ ಮಾತಿನಲ್ಲಿ ತತ್ತ್ವವಿಲ್ಲವೆಂದು ಬಗೆದಿದ್ದ ತರುಣ ಪಂಡಿತರಿಗೆ ತಾಳ ತಂಬೂರಿ ಹಿಡಿದು ಬೀದಿಯಲ್ಲಿ ಹಾಡುವವರ ವಿಷಯದಲ್ಲಿ ಆದರವಿರಲಿಲ್ಲ.

ಒಮ್ಮೆ ವಿಜಯದಾಸರು ಮಾನವಿಗೆ ಬಿಜಯಮಾಡಿ, ಶ್ರೀಹರಿಯ ಪೂಜೆ ನಡೆಸಿ, ಬ್ರಾಹ್ಮಣಸಂತರ್ಪಣೆಗೆ ಶ್ರೀನಿವಾಸಾಚಾರ್ಯರನ್ನೂ ಆದರದಿಂದ ಆಹ್ವಾನಿಸಿದರು. ದಾಸರ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ತಮ್ಮ ಪಾಂಡಿತ್ಯಕ್ಕೆ ಕುಂದೆಂದು ಆಚಾರ್ಯರಿಗೆ ತೋರಿತು. ಹೊತ್ತು ಮೀರಿ ಉಂಡರೆ ತಮಗೆ ಹೊಟ್ಟೆನೋವು ಬರುವುದೆಂದು ನೆಪ ಹೇಳಿ, ಅವರು ಹೋಗದೆ ಉಳಿದರು. ವಿಜಯದಾಸರು ಕಾರ್ತಿಕ ಶುದ್ಧ ದಶಮಿಯಂದು ಹರಿಪದವನ್ನೈದಿದುದು 1755ರಲ್ಲಿ. ಆದುದರಿಂದ ಈ ಸಂಗತಿ ನಡೆದಾಗ ಆಚಾರ್ಯರಿಗೆ ಇಪ್ಪತ್ತೇಳಕ್ಕಿಂತ ಹೆಚ್ಚು ವಯಸ್ಸಾಗಿರಲಾರದು. ಒಂದು ಕಡೆ ತಾರುಣ್ಯ, ಇನ್ನೊಂದು ಕಡೆ ಕೀರ್ತಿ. ಇವೆರಡೂ ಸೇರಿದಲ್ಲಿ ಹಿರಿಯರ ಮುಂದೆ ತಲೆ ಬಾಗುವುದು ಕಷ್ಟ.

ಆಡಿದ ಸುಳ್ಳೇ ನಿಜವಾಯಿತು. ನೆಪಕ್ಕೆ ಹೇಳಿದ ಹೊಟ್ಟೆನೋವು ದೇಹವನ್ನು ಹೊಕ್ಕು, ಅನ್ನವು ಸೇರದಂತಾಗಿ, ಆಚಾರ್ಯರು ದಿನದಿನಕ್ಕೆ ಕೃಶರಾದರು. ಔಷಧಗಳು ನಾಟಲಿಲ್ಲ. ಕ್ಷೇತ್ರದಲ್ಲಿ ಸೇವೆಗೆ ನಿಂತಾಗ ದೊರೆತ ಸ್ವಪ್ನಸೂಚನೆಯೂ ಅವರನ್ನು ಹಿಂದಕ್ಕೇ ಕಳುಹಿಸಿತೆಂದು ಸಂಪ್ರದಾಯವು ಹೇಳುತ್ತದೆ. ಯಾರಿಗೆ ಅಪರಾಧ ಮಾಡಿದೆಯೋ ಅವರಲ್ಲಿಗೇ ಹೋಗು ಎಂಬುದು ಆ ಸೂಚನೆಯ ಭಾವ.

ಇಲ್ಲಿ ನಮಗೆ ಭಾಗವತದ ನವಮಸ್ಕಂಧದ ಅಂಬರೀಷೋಪಾಖ್ಯಾನವು ನೆನಪಾಗುತ್ತದೆ. ಅಲ್ಲಿಯೂ ಪ್ರಸಂಗವು ಹುಟ್ಟಿದುದು ಭೋಜನದಿಂದಲೇ. ದ್ವಾದಶಿಯ ಪಾರಣೆಗಾಗಿ ರಾಜನು ಸ್ವಲ್ಪ ಜಲವನ್ನು ಸೇವಿಸಿದುದಕ್ಕೆ ಕೋಪಗೊಂಡ ದುರ್ವಾಸರು ಕೃತ್ಯೆಯನ್ನು ಹುಟ್ಟಿಸಿ, ಸುದರ್ಶನದ ತಾಪಕ್ಕೆ ಸಿಕ್ಕಿ ಲೋಕಲೋಕಗಳನ್ನು ಸುತ್ತಿದರು. ವೈಕುಂಠದ ಬಾಗಿಲಿನಲ್ಲಿಯೂ ಅವರಿಗೆ ದೊರೆತುದು ಅಂಬರೀಷನಲ್ಲಿಗೆ ಹೋಗೆಂಬ ಅಪ್ಪಣೆಯೇ. ತನಗೆ ಮಾಡಿದ ಅಪರಾಧವನ್ನು ಸಹಿಸುವ ಹರಿಯು ಭಕ್ತನಿಗೆ ಮಾಡಿದ ಅಪರಾಧದ ಕ್ಷಮೆಯನ್ನು ಭಕ್ತನ ಕೈಯಲ್ಲಿಯೇ ಇಟ್ಟಿದ್ದಾನೆ.

ಶ್ರೀನಿವಾಸಾಚಾರ್ಯರ ಮುಂದೆ ಆಗ ಎರಡು ದಾರಿಗಳಿದ್ದವು. ಮಾನವನ್ನು ಕಾಪಾಡಿಕೊಂಡು ನೋವಿನಲ್ಲಿಯೇ ದೇಹವನ್ನು ಬಿಡಬಹುದಾಗಿತ್ತು. ಇಲ್ಲವೆ ಊರೆಲ್ಲ ನೋಡುತ್ತಿರುವಂತೆ ತಾವು ಹೀನೈಸಿದ ವೃದ್ಧರ ಪಾದಗಳ ಮೇಲೆ ಬೀಳಬೇಕಾಗಿತ್ತು. ಅವರು ಎರಡನೆಯದನ್ನು ಆರಿಸಿದರು. ರೋಗವು ಅವರನ್ನು ಆ ಬಾಗಿಲಿನವರೆಗೆ ತಂದಿತೆಂಬುದು ನಿಜ. ಆದರೆ ಬಾಗಿಲಿನಲ್ಲಿ ತಲೆ ಬಾಗಿಸಿದುದು ರೋಗವಲ್ಲ, ಪಶ್ಚಾತ್ತಾಪ.

ವಿಜಯದಾಸರು ಒಂದು ಕಟುವಾದ ಮಾತನ್ನೂ ಆಡಲಿಲ್ಲ. ನಗುತ್ತ ಕ್ಷಮಿಸಿ, ತಮ್ಮ ಶಿಷ್ಯರಾದ ಶ್ರೀ ಗೋಪಾಲದಾಸರಲ್ಲಿಗೆ ಹೋಗುವಂತೆ ಹೇಳಿದರು. ಇದು ಆಚಾರ್ಯರಿಗೆ ಒದಗಿದ ಇನ್ನೊಂದು ಪರೀಕ್ಷೆಯೇ ಸರಿ. ಗುರುವಿನ ಮುಂದೆ ಬಾಗಿದುದಾಯಿತು. ಇನ್ನು ಅವರ ಶಿಷ್ಯನ ಮುಂದೆಯೂ ಬಾಗಬೇಕು. ಮೊಸರಕಲ್ಲಿನ ಭಾಗಣ್ಣನೆಂದು ಹೆಸರಾದ ಗೋಪಾಲದಾಸರು ಭಕ್ತಿಯೇ ಮೂರ್ತಿವೆತ್ತಂತಿದ್ದರು. ಅವರು ಧನ್ವಂತರಿರೂಪಿಯಾದ ಹರಿಯನ್ನು ಪ್ರಾರ್ಥಿಸಿ, ಅಭಿಮಂತ್ರಿಸಿದ ಜೋಳದ ರೊಟ್ಟಿಯನ್ನು ರೋಗಿಗೆ ಕೊಟ್ಟರಂತೆ. ದಾಸರ ಮನೆಯ ಮೃಷ್ಟಾನ್ನವನ್ನು ಒಲ್ಲೆನೆಂದವರಿಗೆ ದಾಸರ ಕೈಯ ರೊಟ್ಟಿಯೇ ಔಷಧವಾಯಿತು. ಆಗ ಅವರು ಪ್ರಾರ್ಥಿಸಿ ರಚಿಸಿದ ಧನ್ವಂತರಿಯ ಪದವನ್ನು ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದಾಗ ಇಂದಿಗೂ ಹಾಡುವ ರೂಢಿಯಿದೆ.

ಇಷ್ಟೇ ಅಲ್ಲ. ಗುರುಗಳ ಆಜ್ಞೆಯಂತೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಶ್ರೀನಿವಾಸಾಚಾರ್ಯರಿಗೆ ಧಾರೆಯೆರೆದರೆಂದು ಪರಂಪರೆಯು ನಂಬಿದೆ. ತಮ್ಮ ಗುರುವನ್ನು ಅವಮಾನಿಸಿದವನಿಗೆ ತಮ್ಮ ಬದುಕಿನ ಭಾಗವನ್ನೇ ಕೊಡುವುದು ಎಂಥ ತ್ಯಾಗ! ಒಬ್ಬರು ತಪ್ಪನ್ನು ಒಪ್ಪಿಕೊಂಡರು, ಒಬ್ಬರು ಕ್ಷಮಿಸಿದರು, ಮತ್ತೊಬ್ಬರು ಆಯುಷ್ಯವನ್ನೇ ಕೊಟ್ಟರು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಹರಿಕಥಾಮೃತಸಾರವು ನಮ್ಮ ಕೈ ಸೇರುತ್ತಿರಲಿಲ್ಲ.

ಮುಂದೆ ಆಚಾರ್ಯರು ಪಂಢರಪುರಕ್ಕೆ ತೆರಳಿ, ಚಂದ್ರಭಾಗೆಯಲ್ಲಿ ಮಿಂದು, ಜಗನ್ನಾಥವಿಠಲ ಎಂಬ ಅಂಕಿತವನ್ನು ಪಡೆದು ಹರಿದಾಸರಾದರು. ಕಲಿತ ಶಾಸ್ತ್ರವನ್ನು ಅವರು ತೊರೆಯಲಿಲ್ಲ. ಅದನ್ನೆಲ್ಲ ಕನ್ನಡಕ್ಕೆ ಇಳಿಸಿದರು. ಭಾಮಿನೀ ಷಟ್ಪದಿಯ 32 ಸಂಧಿಗಳಲ್ಲಿ ಶ್ರೀಮದಾಚಾರ್ಯರ ಸರ್ವಮೂಲದ ಸಾರವನ್ನು ತುಂಬಿಟ್ಟರು. ಕುಟ್ಟುವ ಬೀಸುವ ಹೆಂಗಳೆಯರ ಸುವ್ವಿಯ ಧಾಟಿಯಲ್ಲಿ ತತ್ತ್ವಸುವ್ವಾಲಿಯನ್ನು ರಚಿಸಿದರು. ಯಾವ ಮಾತನ್ನು ಹಗುರವೆಂದು ಬಗೆದಿದ್ದರೋ ಆ ಮಾತಿಗೇ ತಮ್ಮ ಪಾಂಡಿತ್ಯವನ್ನೆಲ್ಲ ಒಪ್ಪಿಸಿದರು.

ಹರಿಕಥಾಮೃತಸಾರದ ಸಂಧಿಗಳ ಹೆಸರುಗಳನ್ನು ನೋಡಿದರೂ ಸಾಕು. ಭೋಜನಕ್ಕೆ ಒಲ್ಲೆನೆಂದವರು ಭೋಜನ ಸಂಧಿಯನ್ನು ಬರೆದು, ಉಣ್ಣುವವನಲ್ಲಿಯೂ ಅನ್ನದಲ್ಲಿಯೂ ಹರಿಯನ್ನೇ ಚಿಂತಿಸಬೇಕೆಂದು ಬೋಧಿಸಿದರು. ದತ್ತಸ್ವಾತಂತ್ರ್ಯ ಸಂಧಿಯಲ್ಲಿ, ಹರಿಯೊಬ್ಬನೇ ಸ್ವತಂತ್ರನಾಗಿರಲು ಜೀವನಿಗೆ ದತ್ತವಾದ ಸ್ವಾತಂತ್ರ್ಯವೆಂತಹುದೆಂಬುದನ್ನು ವಿಚಾರಿಸಿದರು. ಇನ್ನೊಂದು ಸಂಧಿಯ ಹೆಸರೇ ಭಕ್ತಾಪರಾಧಸಹಿಷ್ಣು. ಭಕ್ತರ ಅಪರಾಧಗಳನ್ನು ಸಹಿಸುವ ಕರುಣಾಳುವನ್ನು ಕುರಿತು ಬರೆಯುವಾಗ ದಾಸಾರ್ಯರಿಗೆ ಮಾನವಿಯ ಆ ಮಧ್ಯಾಹ್ನವು ನೆನಪಾಗದೆ ಇದ್ದೀತೇ? ಶಾಸ್ತ್ರದಲ್ಲಿ ಓದಿದುದನ್ನು ಅವರು ಬಾಳಿನಲ್ಲಿ ಉಂಡು ಬರೆದರೆಂದು ನಾವು ಭಾವಿಸುತ್ತೇವೆ.

ಕ್ಷಮೆಯನ್ನು ಪಡೆದವರು ಇತರರನ್ನೂ ಕೈಬಿಡಲಿಲ್ಲ. ಯೌವನದಲ್ಲಿ ದಾರಿ ತಪ್ಪಿದ್ದರೆಂದು ಹೇಳಲಾಗುವ ಕರ್ಜಗಿಯ ದಾಸಪ್ಪನವರು ಇವರ ಅನುಗ್ರಹದಿಂದ ಶ್ರೀದವಿಠಲರಾಗಿ, ಗುರುಗಳ ಗ್ರಂಥಕ್ಕೆ ಫಲಶ್ರುತಿಯನ್ನು ಬರೆಯುವ ಯೋಗ್ಯತೆಯನ್ನು ಪಡೆದರು. ಲಿಂಗಸುಗೂರಿನ ಪ್ರಾಣೇಶದಾಸರೂ ಇವರ ಶಿಷ್ಯರೇ. ಶುಕ್ಲ ಸಂವತ್ಸರದಲ್ಲಿ, ಕ್ರಿ.ಶ. 1809ರಲ್ಲಿ, ದಾಸಾರ್ಯರು ಮಾನವಿಯಲ್ಲಿ ಹರಿಪುರವನ್ನು ಸೇರಿದರು. ಅವರ ಸನ್ನಿಧಾನವಿದೆಯೆಂದು ಅಲ್ಲಿಯ ಸ್ತಂಭವನ್ನು ಭಕ್ತರು ಇಂದಿಗೂ ಪೂಜಿಸುತ್ತಾರೆ.

ಪ್ರಹ್ಲಾದರಾಜರ ಸೋದರನಾದ ಸಹ್ಲಾದನ ಅಂಶರಾದ ಇವರಿಗೆ ದೋಷವೆಲ್ಲಿಯದು, ಇದೆಲ್ಲವೂ ಲೋಕಶಿಕ್ಷಣಾರ್ಥವಾಗಿ ನಡೆದ ವ್ಯಾಪಾರವೆಂದು ಹಿರಿಯರು ಸಮಾಧಾನ ಹೇಳುತ್ತಾರೆ. ಅದನ್ನು ನಾವು ಶಿರಸಾ ವಹಿಸುತ್ತೇವೆ. ಆದರೆ ಶಿಕ್ಷಣವು ಲೋಕಕ್ಕೆಂದ ಮೇಲೆ ಕಲಿಯಬೇಕಾದವರು ನಾವೇ ಅಲ್ಲವೇ? ಪಾಠಶಾಲೆಯಲ್ಲಿ ನಾಲ್ಕು ಶ್ಲೋಕಗಳು ಬಾಯಿಗೆ ಬಂದ ದಿನಗಳಲ್ಲಿ, ಬೆಳಗಿನ ಜಾವ ಅಡಿಗೆಮನೆಯಿಂದ ಕೇಳಿಬರುತ್ತಿದ್ದ ತಾಯಿಯ ದಾಸರಪದಗಳನ್ನು ಹೆಂಗಸರ ಹಾಡೆಂದು ನಾವೂ ಕಡೆಗಣಿಸಿದುದುಂಟು. ಮುಂದೆ ಹರಿಕಥಾಮೃತಸಾರವನ್ನು ಪಾಠವಾಗಿ ಕೇಳಲು ಕುಳಿತಾಗ, ನಾವು ಸೂತ್ರಗಳಲ್ಲಿ ಹುಡುಕುತ್ತಿದ್ದುದು ಆ ತಾಯಿಯ ಬಾಯಲ್ಲಿ ಎಂದೋ ಇದ್ದಿತೆಂದು ತಿಳಿದು ತಲೆ ತಗ್ಗಿಸಿದೆವು.

ಈ ನವಮಿಯಂದು ಪಾರಾಯಣಕ್ಕೆ ಕುಳಿತುಕೊಳ್ಳುವ ಮುನ್ನ, ನಮ್ಮಿಂದ ಮನನೊಂದವರು ಯಾರಾದರೂ ಇದ್ದರೆ ಒಮ್ಮೆ ಅವರ ಬಾಗಿಲಿಗೆ ಹೋಗಿ ಬರೋಣ. ಆ ಮೇಲೆ ಮಾಡುವ ಪಾರಾಯಣವನ್ನು ದಾಸಾರ್ಯರು ಪ್ರೀತಿಯಿಂದ ಕೇಳಿಯಾರು.

ಶ್ರೀಕೃಷ್ಣಾರ್ಪಣಮಸ್ತು