ಭೂಮಾಪನಕ್ಕೆ ಜೀವನವನ್ನು ಮುಡಿಪಾಗಿಟ್ಟ ಕರ್ನಲ್ ವಿಲಿಯಂ ಲ್ಯಾಂಬ್ಟನ್

ಭೂಮಿಯ ಮೇಲಿನ ಯಾವುದೇ ಸ್ಥಳವನ್ನು ಎರಡು ಅಳತೆಗಳಿಂದ ಖಚಿತವಾಗಿ ಗುರುತಿಸಬಹುದಾಗಿದೆ. ಸಮಭಾಜಕ ವೃತ್ತದಿಂದ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಅಳೆಯುವ ಕೋನವನ್ನು ಅಕ್ಷಾಂಶವೆಂದೂ, ಇಂಗ್ಲೆಂಡಿನ ಗ್ರೀನ್‌ವಿಚ್ ಮೂಲಕ ಹಾದುಹೋಗುವ ರೇಖೆಯಿಂದ ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಅಳೆಯುವ ಕೋನವನ್ನು ರೇಖಾಂಶವೆಂದೂ ಕರೆಯಲಾಗುತ್ತದೆ. ಇದರನ್ವಯ ಕೊಳ್ಳೇಗಾಲ ಪಟ್ಟಣವು ಸುಮಾರು 12 ಡಿಗ್ರಿ 9 ನಿಮಿಷ ಉತ್ತರ ಅಕ್ಷಾಂಶ ಮತ್ತು 77 ಡಿಗ್ರಿ 7 ನಿಮಿಷ ಪೂರ್ವ ರೇಖಾಂಶದಲ್ಲಿದೆ. ಯಳಂದೂರಿನ ಎರಡೂ ಅಂಕಿಗಳು ಇದಕ್ಕಿಂತ ಸ್ವಲ್ಪ ಕಡಿಮೆ. ಹನೂರಿನ ರೇಖಾಂಶ ಸ್ವಲ್ಪ ಹೆಚ್ಚು. ಈ ಭಾಗದಲ್ಲಿ ಅಕ್ಷಾಂಶದ ಒಂದು ನಿಮಿಷವು ನೆಲದ ಮೇಲೆ ಸುಮಾರು 1.8 ಕಿ.ಮೀ.ಗಳಿಗೂ, ಒಂದು ಸೆಕೆಂಡು ಸುಮಾರು 30 ಮೀಟರುಗಳಿಗೂ ಸಮನಾಗಿರುತ್ತದೆ. ಅಳತೆಯಲ್ಲಿ ಒಂದು ನಿಮಿಷದಷ್ಟು ತಪ್ಪಾದಲ್ಲಿ ಒಂದು ಗ್ರಾಮವು ಮತ್ತೊಂದು ಗ್ರಾಮದ ಜಾಗದಲ್ಲಿ ಕಾಣಿಸಿಕೊಳ್ಳುವುದು. ದಕ್ಷಿಣ ಭಾರತದಲ್ಲಿ ಇಂತಹ ತಪ್ಪುಗಳನ್ನು ನಿವಾರಿಸಲು ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದವರು ಕರ್ನಲ್ ವಿಲಿಯಂ ಲ್ಯಾಂಬ್ಟನ್. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಆರಂಭದ ಜೀವನ

ಲ್ಯಾಂಬ್ಟನ್‌ರವರು ಹದಿನೆಂಟನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತ್ಯದ ಸಾಮಾನ್ಯ ಕುಟುಂಬವೊಂದರಲ್ಲಿ ಜನಿಸಿದರು. ಸೇನೆಗೆ ಸೇರಿ ಉತ್ತರ ಅಮೆರಿಕದಲ್ಲಿ ಹಲವು ವರ್ಷ ಸೇವೆ ಸಲ್ಲಿಸಿದರು. ಅಲ್ಲಿನ ಬಿಡುವಿನ ವೇಳೆಯನ್ನು ಗಣಿತ ಮತ್ತು ಖಗೋಳ ಶಾಸ್ತ್ರದ ಅಭ್ಯಾಸಕ್ಕೆ ವಿನಿಯೋಗಿಸಿದರು. 1790ರ ದಶಕದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂದರು. 1799ರ ಶ್ರೀರಂಗಪಟ್ಟಣದ ಯುದ್ಧದ ಸಂದರ್ಭದಲ್ಲಿ, ರಾತ್ರಿ ವೇಳೆ ಸಾಗುತ್ತಿದ್ದ ಸೇನಾ ತುಕಡಿಯು ದಿಕ್ಕು ತಪ್ಪಿರುವುದನ್ನು ನಕ್ಷತ್ರಗಳ ಸ್ಥಾನದಿಂದ ಅರಿತು ಮೇಲಧಿಕಾರಿಗೆ ತಿಳಿಸಿದವರು ಇವರೇ.

ಬೆಂಗಳೂರಿನ ಆಧಾರ ರೇಖೆ

ಟಿಪ್ಪು ಸುಲ್ತಾನರ ಮರಣಾನಂತರ ಕೊಳ್ಳೇಗಾಲ ಪ್ರದೇಶವು ಈಸ್ಟ್ ಇಂಡಿಯಾ ಕಂಪನಿಯ ಆಡಳಿತಕ್ಕೆ ಸೇರಿತು. ಯಳಂದೂರು ಮೈಸೂರು ಸಂಸ್ಥಾನದಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಹೊಸದಾಗಿ ದೊರೆತ ಪ್ರದೇಶಗಳ ನಕ್ಷೆ ಕಂಪನಿಗೆ ಕಂದಾಯ ವಸೂಲಿಗೂ ಸೇನಾ ಸಂಚಾರಕ್ಕೂ ಅವಶ್ಯವಾಗಿತ್ತು. ಮೈಸೂರು ಸೀಮೆಯ ವಿವರವಾದ ಮೋಜಣಿಯನ್ನು ಕಾಲಿನ್ ಮೆಕೆಂಜಿಯವರಿಗೆ ವಹಿಸಲಾಯಿತು. ಪರ್ಯಾಯ ದ್ವೀಪದ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ಮುಖ್ಯ ಸ್ಥಳಗಳ ನಿಖರ ಸ್ಥಾನ ನಿರ್ಧರಿಸುವ ಲ್ಯಾಂಬ್ಟನ್‌ರವರ ಪ್ರಸ್ತಾವನೆಗೂ ಅನುಮೋದನೆ ದೊರೆಯಿತು.

1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬೆಂಗಳೂರಿನ ಬಳಿ ಸುಮಾರು 7.4 ಮೈಲಿ ಉದ್ದದ ಆಧಾರ ರೇಖೆಯನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆಯಲಾಯಿತು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಉಷ್ಣಾಂಶವನ್ನು ಗಮನಿಸಿ ಲೆಕ್ಕವನ್ನು ಸರಿಪಡಿಸಬೇಕಾಗಿತ್ತು. ಒಂದು ರೇಖೆಯ ಉದ್ದ ಖಚಿತವಾಗಿ ತಿಳಿದ ನಂತರ, ಅದರ ಎರಡೂ ತುದಿಗಳಿಂದ ದೂರದ ಬೆಟ್ಟವೊಂದಕ್ಕೆ ಇರುವ ಕೋನಗಳನ್ನು ಅಳೆದರೆ ಉಳಿದ ಎರಡು ಭುಜಗಳ ಉದ್ದವು ಲೆಕ್ಕದಿಂದಲೇ ದೊರೆಯುತ್ತದೆ. ಆ ಭುಜವೇ ಮುಂದಿನ ತ್ರಿಕೋನಕ್ಕೆ ಆಧಾರ. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳ ಜಾಲವನ್ನು ವಿಸ್ತರಿಸಲಾಯಿತು. ನಕ್ಷತ್ರಗಳ ವೀಕ್ಷಣೆಯಿಂದ ಆಯ್ದ ಕೇಂದ್ರಗಳ ಅಕ್ಷಾಂಶವನ್ನು ನಿರ್ಧರಿಸಲಾಯಿತು. ರೇಖಾಂಶಕ್ಕೆ ಮದರಾಸಿನ ಖಗೋಳ ವೀಕ್ಷಣಾಲಯವನ್ನು ಆಧಾರವಾಗಿ ಇಟ್ಟುಕೊಳ್ಳಲಾಯಿತು.

1802ರಲ್ಲಿ ಮದರಾಸಿನ ಬಳಿ ಮತ್ತೊಂದು ಆಧಾರ ರೇಖೆಯನ್ನು ಅಳೆದು ಅಲ್ಲಿಂದ ತ್ರಿಕೋನಗಳನ್ನು ಬೆಂಗಳೂರಿನವರೆಗೆ ತರಲಾಯಿತು. 1804ರಲ್ಲಿ ಬೆಂಗಳೂರಿನಲ್ಲಿ ಪುನಃ ಆಧಾರ ರೇಖೆಯನ್ನು ಅಳೆದಾಗ, ಲೆಕ್ಕದಿಂದ ಬಂದ ಉದ್ದಕ್ಕೂ ನೆಲದ ಮೇಲಿನ ಅಳತೆಗೂ ಕಂಡುಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ.

ಆಕ್ಷೇಪಣೆಗಳು ಮತ್ತು ಕಷ್ಟಗಳು

ಈ ಕಾರ್ಯಕ್ಕೆ ತಗಲುವ ವೆಚ್ಚದ ಬಗ್ಗೆ ಮದರಾಸು ಸರ್ಕಾರದಲ್ಲಿ ಆಕ್ಷೇಪಣೆಗಳು ಎದ್ದವು. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವರನ್ನು ಪಲ್ಲಕ್ಕಿ ಹೊರುವವರೇ ಕರೆದೊಯ್ಯುವಾಗ ಇಂತಹ ನಕ್ಷೆಯ ಅಗತ್ಯವಿಲ್ಲವೆಂಬ ವಾದವೂ ಕೇಳಿಬಂದಿತು. ಇದಕ್ಕೆ ಅಳತೆಗಳೇ ಉತ್ತರ ನೀಡಿದವು. ಮದರಾಸಿನಿಂದ ಮಂಗಳೂರಿಗೆ ಸುಮಾರು 400 ಮೈಲಿ ಎಂದು ಹಿಂದಿನ ನಕ್ಷೆಗಳಲ್ಲಿ ತೋರಿಸಲಾಗಿದ್ದು, ವಾಸ್ತವದಲ್ಲಿ ಅದು ಸುಮಾರು 360 ಮೈಲಿ ಮಾತ್ರವೆಂದು ಸಿದ್ಧಪಟ್ಟಿತು. ಹೀಗೆ 40 ಮೈಲಿಯಷ್ಟು ಇಲ್ಲದ ನೆಲವು ನಕ್ಷೆಯಲ್ಲಿ ಸೇರಿಕೊಂಡಿತ್ತು.

ಕೋನಗಳನ್ನು ಅಳೆಯಲು ಲಂಡನ್ನಿನಿಂದ ತರಿಸಿದ ಥಿಯೋಡೊಲೈಟ್ ಉಪಕರಣವು ಸುಮಾರು ಅರ್ಧ ಟನ್ ತೂಕವಿದ್ದಿತು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಅದು ಗೋಡೆಗೆ ಬಡಿದು ಜಖಂಗೊಂಡಿತು. ಲ್ಯಾಂಬ್ಟನ್‌ರವರು ಸುಮಾರು ಆರು ವಾರಗಳ ಕಾಲ ಸ್ವತಃ ಶ್ರಮಿಸಿ ಅದನ್ನು ದುರಸ್ತಿಪಡಿಸಿದರು. ಕಾಡುಗಳಲ್ಲಿ ಮಾರ್ಗ ಮಾಡಿ, ಉಪಕರಣಗಳನ್ನು ಬೆಟ್ಟಗಳಿಗೆ ಹೊತ್ತು, ಬಾವುಟ ಹಿಡಿದು ನಿಂತ ಸ್ಥಳೀಯ ಖಲಾಸಿಗಳಲ್ಲಿ ಅನೇಕರು ಜ್ವರಕ್ಕೆ ತುತ್ತಾದರು. ಅವರ ಶ್ರಮವಿಲ್ಲದೆ ಈ ಕಾರ್ಯ ಸಾಧ್ಯವಾಗುತ್ತಿರಲಿಲ್ಲವೆಂಬುದನ್ನು ಸ್ಮರಿಸುವುದು ಉಚಿತ.

ಮಹಾ ಚಾಪ ಮತ್ತು ಕೊನೆಯ ದಿನಗಳು

ದಕ್ಷಿಣದಿಂದ ಉತ್ತರಕ್ಕೆ 78 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನಲ್ಲಿ ಸಾಗಿದ ಅಳತೆಯು ಮಹಾ ಚಾಪವೆಂದು ಪ್ರಸಿದ್ಧವಾಯಿತು. ಹನೂರು ಪಟ್ಟಣವು ಆ ರೇಖಾಂಶದಿಂದ ಪಶ್ಚಿಮಕ್ಕೆ ಒಂದು ಡಿಗ್ರಿಗಿಂತಲೂ ಕಡಿಮೆ ಅಂತರದಲ್ಲಿದೆ. 1815ರಲ್ಲಿ ಬೀದರ್ ಬಳಿ ಆಧಾರ ರೇಖೆಯನ್ನು ಅಳೆಯುವ ವೇಳೆಗೆ ಕನ್ಯಾಕುಮಾರಿಯ ಸಮೀಪದಿಂದ ಸುಮಾರು ಹತ್ತು ಡಿಗ್ರಿಗಳಷ್ಟು ಚಾಪವು ಪೂರ್ಣಗೊಂಡಿತ್ತು. ಭೂಮಿಯ ಆಕಾರ ಮತ್ತು ಗಾತ್ರವನ್ನು ತಿಳಿಯಲು ಈ ಅಳತೆಗಳು ನೆರವಾದವು. 1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವರನ್ನು ಸದಸ್ಯರನ್ನಾಗಿ ಆರಿಸಿತು.

ವೃದ್ಧಾಪ್ಯ ಮತ್ತು ಅನಾರೋಗ್ಯವನ್ನು ಲೆಕ್ಕಿಸದೆ ನಾಗಪುರದತ್ತ ಪ್ರಯಾಣ ಬೆಳೆಸಿದ್ದ ಲ್ಯಾಂಬ್ಟನ್‌ರವರು, 20 ಜನವರಿ 1823ರಂದು ಈಗಿನ ಮಹಾರಾಷ್ಟ್ರದ ಹಿಂಗನಘಾಟ್‌ನಲ್ಲಿ ನಿಧನರಾದರು. ಅವರ ಸಹಾಯಕರಾಗಿದ್ದ ಜಾರ್ಜ್ ಎವರೆಸ್ಟ್‌ರವರು ಚಾಪವನ್ನು ಹಿಮಾಲಯದ ತಪ್ಪಲಿನವರೆಗೆ ಮುಂದುವರಿಸಿದರು. ಅತ್ಯುನ್ನತ ಶಿಖರಕ್ಕೆ ಎವರೆಸ್ಟ್ ಹೆಸರನ್ನಿಡಲಾಯಿತು. ಕಾರ್ಯವನ್ನು ಆರಂಭಿಸಿದವರ ಹೆಸರು ಮಾತ್ರ ಜನಸಾಮಾನ್ಯರಿಗೆ ಅಷ್ಟಾಗಿ ಪರಿಚಿತವಾಗಲಿಲ್ಲ.

ಇಂದಿನ ಮಹತ್ವ

ಕೊಳ್ಳೇಗಾಲವು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಚಾಮರಾಜನಗರ ಜಿಲ್ಲೆಯು ರಚನೆಯಾಯಿತು. ನಂತರ ಹನೂರು ಪ್ರತ್ಯೇಕ ತಾಲ್ಲೂಕಾಯಿತು. ಆಡಳಿತದ ಗಡಿಗಳು ಇಷ್ಟು ಬಾರಿ ಬದಲಾದರೂ, ಭೂಮಿಯ ಮೇಲೆ ಈ ಊರುಗಳಿರುವ ಸ್ಥಳ ಬದಲಾಗಿಲ್ಲ. ಈಗ ಉಪಗ್ರಹಗಳ ನೆರವಿನಿಂದ ಮೊಬೈಲ್ ಫೋನಿನಲ್ಲಿಯೇ ಅಕ್ಷಾಂಶ ಮತ್ತು ರೇಖಾಂಶಗಳನ್ನು ತಿಳಿಯಬಹುದು. ಆದರೆ ಹಳೆಯ ಸರ್ವೆ ನಕ್ಷೆಗಳು ಎವರೆಸ್ಟ್‌ರವರು ನಿಗದಿಪಡಿಸಿದ ಭೂಮಿಯ ಆಕಾರವನ್ನು ಆಧರಿಸಿದ್ದು, ಉಪಗ್ರಹ ವ್ಯವಸ್ಥೆಯು ಬೇರೆ ಆಧಾರವನ್ನು ಅನುಸರಿಸುತ್ತದೆ. ಆದ್ದರಿಂದ ಎರಡರ ಅಂಕಿಗಳಲ್ಲಿ ಅಲ್ಪ ವ್ಯತ್ಯಾಸ ಕಂಡುಬಂದಲ್ಲಿ, ಜಮೀನಿನ ಗಡಿಯೇ ಸರಿದಿದೆಯೆಂದು ಸಾರ್ವಜನಿಕರು ಭಾವಿಸಬೇಕಾಗಿಲ್ಲ. ಅಳತೆಯ ಅಂಕಿಯೊಂದಿಗೆ ಅದರ ಆಧಾರವನ್ನೂ ತಿಳಿದುಕೊಳ್ಳುವುದು ಅವಶ್ಯ.